ಬಿಸಿ ಕಾವಲಿಯಿಂದ ಕೈ ಹಿಂದಕ್ಕೆ ಬರುವುದು ಯಾರ ಅಪ್ಪಣೆಯಿಂದ?

ಪ್ರಶ್ನೆ: ದೋಸೆ ಹುಯ್ಯುವಾಗ ಕಾವಲಿಗೆ ಬೆರಳು ತಗುಲಿದರೆ ಕೈ ತಾನಾಗಿ ಹಿಂದಕ್ಕೆ ಬರುತ್ತದೆ, ಉರಿ ಗೊತ್ತಾಗುವುದು ಆಮೇಲೆ. ಮೆದುಳಿಗೆ ತಿಳಿಯುವ ಮೊದಲೇ ಕೈ ಹೇಗೆ ಕೆಲಸ ಮಾಡುತ್ತದೆ? ನಮ್ಮ ತಂದೆಗೆ ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆ. ಮೊನ್ನೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು, ಗುಳ್ಳೆ ಎದ್ದ ಮೇಲೆಯೇ ಸುಟ್ಟದ್ದು ಗೊತ್ತಾಯಿತು. ಅವರ ಕಾಲು ಯಾಕೆ ಹಿಂದಕ್ಕೆ ಬರಲಿಲ್ಲ? ಇನ್ನೊಂದು: ಮಗ ಕ್ರಿಕೆಟ್ ಆಡುತ್ತಾನೆ. ಅಭ್ಯಾಸದಿಂದ ಈ ವೇಗವನ್ನು ಹೆಚ್ಚಿಸಬಹುದೇ?

ಉತ್ತರ: ಮೂರರಲ್ಲಿ ಎರಡು ಕುತೂಹಲದ ಪ್ರಶ್ನೆಗಳು, ಒಂದು ತುರ್ತಿನದು. ತುರ್ತಿನದನ್ನು ಮೊದಲು ಹೇಳಿಬಿಡುತ್ತೇನೆ. ತಂದೆಯವರ ಕಾಲಿನ ಗುಳ್ಳೆ ಒಡೆಯಬೇಡಿ. ಶುದ್ಧವಾದ ಒಣ ಬಟ್ಟೆಯನ್ನೋ ಗಾಜ್ ಪಟ್ಟಿಯನ್ನೋ ಸಡಿಲವಾಗಿ ಸುತ್ತಿ, ಇವತ್ತೇ ವೈದ್ಯರಿಗೆ ತೋರಿಸಿ. ನೋವೇ ಇಲ್ಲವಲ್ಲ ಎಂದು ಅವರು ತಳ್ಳಿಹಾಕಬಹುದು. ನೋವಿದ್ದರೆ ಮನುಷ್ಯ ಆ ಕಾಲಿನ ಮೇಲೆ ಭಾರ ಹಾಕುವುದಿಲ್ಲ, ಕುಂಟುತ್ತಾನೆ, ಗಾಯಕ್ಕೆ ವಿಶ್ರಾಂತಿ ಸಿಗುತ್ತದೆ. ನೋವಿಲ್ಲದ ಕಾಲಿನವರು ಗಾಯದ ಮೇಲೆಯೇ ನಡೆದಾಡುತ್ತಿರುತ್ತಾರೆ. ಸಕ್ಕರೆ ಕಾಯಿಲೆಯವರ ಸಣ್ಣ ಸುಟ್ಟಗಾಯ ಮೂಳೆಯವರೆಗೆ ಇಳಿಯುವುದು ಬಹುಪಾಲು ಹೀಗೆಯೇ. ಮುಂದೆ ಯಾರಿಗೇ ಸುಟ್ಟರೂ ಕೂಡಲೇ 20 ನಿಮಿಷ ನಲ್ಲಿಯ ತಣ್ಣೀರು ಹರಿಯಬಿಡಿ. ಐಸ್ ಇಡಬಾರದು, ಟೂತ್‌ಪೇಸ್ಟ್ ಬಳಿಯಬಾರದು.

ಈಗ ಕಾವಲಿಯ ವಿಷಯ. ಮುಟ್ಟಿದ್ದು ಮತ್ತು ಕೈ ಎಳೆದದ್ದು, ಇವೆರಡರ ನಡುವೆ ಸುಮಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ಇದೆ. ಅದನ್ನು ಬಿಡಿಸಿ ನೋಡೋಣ.

ಚರ್ಮದ ಹೊರಪದರದವರೆಗೂ ಬಂದಿರುವ ನೋವಿನ ನರಗಳ ತುದಿಗೆ ಯಾವ ಹೊದಿಕೆಯೂ ಇಲ್ಲ. ಆ ತುದಿಯ ಪೊರೆಯಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನಿನ ಕಿಂಡಿಗಳಿವೆ. ಚರ್ಮದ ಬಿಸಿ ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಿಂಡಿ ತೆರೆದುಕೊಂಡು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು, ಅಂದರೆ ವಿದ್ಯುತ್ ಆವೇಶ ಹೊತ್ತ ಕಣಗಳು, ಒಳಕ್ಕೆ ನುಗ್ಗುತ್ತವೆ. ಬಿಸಿ ಎಂಬುದು ವಿದ್ಯುತ್ತಾಗಿ ಬದಲಾಗುವ ಜಾಗ ಇದೇ. ಮೆಣಸಿನಕಾಯಿಯಲ್ಲಿರುವ ಕ್ಯಾಪ್ಸೈಸಿನ್ ಕೂಡ ಇದೇ ಕಿಂಡಿಯನ್ನು ತೆರೆಯುತ್ತದೆ. ಹಸಿಮೆಣಸು ಹೆಚ್ಚಿದ ಕೈ ಉರಿಯುವುದು ಅದಕ್ಕೇ. ಅದೇ ಕೈಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದರೆ ಉರಿ ಇನ್ನೂ ಏರುತ್ತದೆ, ಏಕೆಂದರೆ ಕ್ಯಾಪ್ಸೈಸಿನ್ ಅಂಟಿದ ಕಿಂಡಿ 43 ಡಿಗ್ರಿವರೆಗೆ ಕಾಯುವುದಿಲ್ಲ, ಅದಕ್ಕಿಂತ ಕಡಿಮೆ ಬಿಸಿಗೇ ತೆರೆದುಕೊಳ್ಳುತ್ತದೆ. ಈ ಕಿಂಡಿಯನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಿಕ್ಕಿತು. ಒತ್ತಡ ಗ್ರಹಿಸುವ ಕಿಂಡಿಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್ ಅದನ್ನು ಹಂಚಿಕೊಂಡರು.

ಸುಮ್ಮನಿರುವ ನರದ ಒಳಭಾಗ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಋಣದಲ್ಲಿರುತ್ತದೆ. ಕಿಂಡಿಯಿಂದ ನುಗ್ಗಿದ ಅಯಾನುಗಳು ಅದನ್ನು ಋಣ 55ರ ಆಸುಪಾಸಿಗೆ ತಂದರೆ ಸಾಕು, ಆ ಭಾಗದ ಸೋಡಿಯಂ ದ್ವಾರಗಳೆಲ್ಲ ಒಟ್ಟಿಗೆ ತೆರೆದು ವೋಲ್ಟೇಜು ಧನ 30ರ ಸುತ್ತ ಜಿಗಿಯುತ್ತದೆ. ಒಂದೆರಡು ಮಿಲಿಸೆಕೆಂಡಿನಲ್ಲಿ ಪೊಟ್ಯಾಸಿಯಂ ಹೊರಹೋಗಿ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ, ಅಷ್ಟರಲ್ಲಿ ಪಕ್ಕದ ಭಾಗ ಜಿಗಿದಿರುತ್ತದೆ. ಈ ಮಿಡಿತಕ್ಕೆ ದೊಡ್ಡದು, ಚಿಕ್ಕದು ಎಂಬುದಿಲ್ಲ. ಹುಟ್ಟಿದರೆ ಪೂರ್ತಿ ಹುಟ್ಟುತ್ತದೆ, ಇಲ್ಲವಾದರೆ ಇಲ್ಲ. ಹಾಗಿದ್ದರೆ ಬೆಚ್ಚಗಿರುವುದಕ್ಕೂ ಸುಡುವುದಕ್ಕೂ ವ್ಯತ್ಯಾಸ ಹೇಗೆ ತಿಳಿಯುತ್ತದೆ? ಸೆಕೆಂಡಿಗೆ ಎಷ್ಟು ಮಿಡಿತ ಬಂತು, ಎಷ್ಟು ನರಗಳಿಂದ ಬಂತು, ಯಾವ ಬಗೆಯ ನರದಿಂದ ಬಂತು ಎಂಬುದರಿಂದ. ದಂತವೈದ್ಯರು ಚುಚ್ಚುವ ಲಿಡೋಕೇನ್ ಈ ಸೋಡಿಯಂ ದ್ವಾರಗಳಿಗೇ ಅಡ್ಡ ನಿಲ್ಲುತ್ತದೆ. ಹಲ್ಲಿನಲ್ಲಿ ನೋವಿನ ಕಾರಣ ಇದ್ದೇ ಇರುತ್ತದೆ, ಮಿಡಿತ ಮಾತ್ರ ಮುಂದಕ್ಕೆ ಹೋಗುವುದಿಲ್ಲ.

ನಿಮ್ಮ ಪ್ರಶ್ನೆಯ ಗುಟ್ಟು ಇರುವುದು ಮುಂದಿನ ಹಂತದಲ್ಲಿ. ಬೆರಳಿನಿಂದ ಹೊರಡುವುದು ಒಂದೇ ಬಗೆಯ ನರವಲ್ಲ. ಸ್ಪರ್ಶ ಒಯ್ಯುವ ದಪ್ಪ ನರತಂತುಗಳ ಸುತ್ತ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ, ಮಿಡಿತ ಹೊದಿಕೆಯ ಸಂದುಗಳಿಂದ ಸಂದಿಗೆ ಹಾರುತ್ತ ಸೆಕೆಂಡಿಗೆ ಸುಮಾರು 50 ಮೀಟರ್ ವೇಗದಲ್ಲಿ ಸಾಗುತ್ತದೆ. ಚುರುಕು ನೋವು ಒಯ್ಯುವ ಎ-ಡೆಲ್ಟಾ ತಂತುಗಳಿಗೆ ತೆಳು ಹೊದಿಕೆ, ವೇಗ 5ರಿಂದ 30 ಮೀಟರ್. ಉರಿ ಒಯ್ಯುವ ಸಿ ತಂತುಗಳಿಗೆ ಮೈಲಿನ್ನೇ ಇಲ್ಲ, ವೇಗ ಅರ್ಧದಿಂದ 2 ಮೀಟರ್, ಅಂದರೆ ನಾವು ನಡೆಯುವ ವೇಗ. ಬೆರಳ ತುದಿಯಿಂದ ಕುತ್ತಿಗೆಯ ಬೆನ್ನುಹುರಿಗೆ 1 ಮೀಟರ್ ಎಂದು ಹಿಡಿಯಿರಿ. ಮುಟ್ಟಿದ ಸುದ್ದಿ 20 ಮಿಲಿಸೆಕೆಂಡಿನಲ್ಲಿ, 'ಚುರ್' ಎಂದದ್ದು 50 ಮಿಲಿಸೆಕೆಂಡಿನ ಹೊತ್ತಿಗೆ, ಉರಿ ಒಂದು ಸೆಕೆಂಡು ಕಳೆದು ತಲುಪುತ್ತವೆ. 'ಉರಿ ಆಮೇಲೆ ಗೊತ್ತಾಗುತ್ತದೆ' ಎಂದು ನೀವು ಬರೆದಿರುವುದು ನಿಜ, ಆದರೆ ಅದರಲ್ಲಿ ಹೆಚ್ಚಿನ ಪಾಲು ಮೆದುಳು ತಡಮಾಡಿದ್ದರಿಂದ ಆದದ್ದಲ್ಲ. ಉರಿಯ ನರವೇ ನಿಧಾನ. ಕತ್ತಲಲ್ಲಿ ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ: ಎಡವಿದ್ದು ತಿಳಿಯುತ್ತದೆ, 'ಈಗ ಬರುತ್ತದೆ ನೋವು' ಎಂದು ಹಲ್ಲು ಕಚ್ಚುವಷ್ಟು ಪುರಸೊತ್ತೂ ಸಿಗುತ್ತದೆ, ಆಮೇಲೆ ಬರುತ್ತದೆ. ಕಾಲಿನಿಂದ ದಾರಿ ಕೈಗಿಂತ ಉದ್ದ.

ಬೆನ್ನುಹುರಿಯ ಹಿಂಭಾಗದಿಂದ ಒಳಬಂದ ನೋವಿನ ಮಿಡಿತ ಅಲ್ಲಿನ ನಡುವಣ ನರಕೋಶಗಳಿಗೆ ದಾಟಬೇಕು. ನರಕ್ಕೂ ನರಕ್ಕೂ ನಡುವೆ ಇರುವ ಸಂದು, ಅಂದರೆ ಸೈನಾಪ್ಸ್, ಅದನ್ನು ವಿದ್ಯುತ್ತು ದಾಟುವುದಿಲ್ಲ. ಮೊದಲ ನರ ಗ್ಲುಟಮೇಟ್ ಎಂಬ ರಾಸಾಯನಿಕ ಸುರಿಸುತ್ತದೆ, ಎರಡನೆಯದು ಅದನ್ನು ಗ್ರಹಿಸಿ ಹೊಸದಾಗಿ ಮಿಡಿಯುತ್ತದೆ. ಪ್ರತಿ ದಾಟಿಗೆ ಅರ್ಧದಿಂದ ಒಂದು ಮಿಲಿಸೆಕೆಂಡು. ಎರಡು ಮೂರು ದಾಟುಗಳ ನಂತರ ಮಿಡಿತ ಬೆನ್ನುಹುರಿಯ ಮುಂಭಾಗದ ಚಾಲಕ ನರಕೋಶಕ್ಕೆ ಬರುತ್ತದೆ, ಅಲ್ಲಿಂದ ಸೆಕೆಂಡಿಗೆ 50-60 ಮೀಟರ್ ವೇಗದಲ್ಲಿ ತೋಳಿನ ಸ್ನಾಯುವಿಗೆ. ಕುತ್ತಿಗೆಯಿಂದ ರಟ್ಟೆಗೆ ಒಂದಡಿ ಚಿಲ್ಲರೆ, 7 ಮಿಲಿಸೆಕೆಂಡು ಸಾಕು. ನರ ಸ್ನಾಯುವನ್ನು ಸೇರುವಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ, ಸ್ನಾಯುವಿನೊಳಗೆ ಕ್ಯಾಲ್ಸಿಯಂ ಹರಿದು ಎಳೆಗಳು ಒಂದರ ಮೇಲೊಂದು ಜಾರಿ ಬಿಗಿಯುತ್ತವೆ. ಮಿಡಿತ ಮುಟ್ಟಿದ ಮೇಲೆ ಎಳೆತ ಹುಟ್ಟಲು ಇನ್ನೂ ಕೆಲವು ಹತ್ತು ಮಿಲಿಸೆಕೆಂಡು ಬೇಕು. ಎಲ್ಲ ಕೂಡಿದರೆ ಮೊದಲು ಹೇಳಿದ ಹತ್ತನೇ ಒಂದು ಸೆಕೆಂಡು ಬಂತು. ಅಂಗೈ ಚರ್ಮ ದಪ್ಪಗಿದ್ದರೆ ಬಿಸಿ ಒಳಗಿಳಿಯುವ ಹೊತ್ತನ್ನೂ ಸೇರಿಸಿಕೊಳ್ಳಿ. ದಿನವೂ ರೊಟ್ಟಿ ತಟ್ಟುವವರ ಕೈ ಹಂಚಿಗೆ ಹೆದರದಿರುವುದರಲ್ಲಿ ಇದರ ಪಾಲೂ ಇದೆ.

ಇದಕ್ಕೆ ಶಾಲಾ ಪುಸ್ತಕದಲ್ಲಿ ಪರಾವರ್ತಿತ ಪ್ರತಿಕ್ರಿಯೆ ಎನ್ನುತ್ತಾರೆ, ಆಸ್ಪತ್ರೆಯಲ್ಲಿ ರಿಫ್ಲೆಕ್ಸ್. ಬೆನ್ನುಹುರಿಯೆಂಬ ಗ್ರಾಮ ಪಂಚಾಯಿತಿಯಲ್ಲೇ ತೀರ್ಮಾನವಾಗಿ ಕೆಲಸ ಶುರುವಾಗುತ್ತದೆ, ಮೆದುಳೆಂಬ ವಿಧಾನಸೌಧಕ್ಕೆ ಹೋಗುವುದು ಮಾಹಿತಿಗಾಗಿ ಒಂದು ಪ್ರತಿ. ಆ ಪ್ರತಿ ಬೆನ್ನುಹುರಿಯ ಇನ್ನೊಂದು ಬದಿಗೆ ದಾಟಿ ಮೇಲೇರಿ, ಮೆದುಳಿನ ನಡುವಿನ ಥಲಾಮಸ್ ಎಂಬ ಭಾಗದ ಮೂಲಕ ಮೆದುಳಿನ ತೊಗಟೆಗೆ ಹೋಗಿ, 'ಅಯ್ಯೋ' ಎಂಬ ಅರಿವಾಗುವಷ್ಟರಲ್ಲಿ ಕೈ ಕಾವಲಿಯಿಂದ ದೂರ ಬಂದಿರುತ್ತದೆ.

ಕೆಲಸವೂ ಬರೀ ಎಳೆಯುವುದಷ್ಟೇ ಅಲ್ಲ. ಮೊಣಕೈ ಮಡಿಸುವ ಸ್ನಾಯು ಬಿಗಿಯುವ ಹೊತ್ತಿಗೆ ಅದನ್ನು ನೀಡುವ ಹಿಂಬದಿಯ ಸ್ನಾಯು ಸಡಿಲಾಗಬೇಕು, ಇಲ್ಲದಿದ್ದರೆ ಎರಡೂ ಜಗ್ಗಾಡಿ ತೋಳು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಅದೇ ಮಿಡಿತ ಒಂದು ಕವಲಿನಲ್ಲಿ 'ಬಿಗಿ', ಇನ್ನೊಂದರಲ್ಲಿ 'ಬಿಡು' ಎನ್ನುತ್ತದೆ. ಬರಿಗಾಲಲ್ಲಿ ಮುಳ್ಳು ತುಳಿದಾಗ ಕೆಲಸ ಇನ್ನೂ ಹೆಚ್ಚು: ಚುಚ್ಚಿದ ಕಾಲು ಮೇಲೇಳುತ್ತದೆ, ಅದೇ ಕ್ಷಣ ಇನ್ನೊಂದು ಕಾಲು ನೆಟ್ಟಗೆ ಬಿಗಿದು ಮೈಭಾರ ಹೊರುತ್ತದೆ. ಇಲ್ಲವಾದರೆ ಮುಳ್ಳಿನಿಂದ ತಪ್ಪಿಸಿಕೊಂಡವರೆಲ್ಲ ನೆಲಕ್ಕೆ ಬೀಳಬೇಕಿತ್ತು. ಈ ಹೊಂದಾಣಿಕೆಯನ್ನು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ಬಿಡಿಸಿಟ್ಟವರು ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್, 1932ರಲ್ಲಿ ನೊಬೆಲ್ ಪಡೆದವರು.

ಆದರೂ ಮೆದುಳಿಗೆ ಇದರಲ್ಲಿ ಕೈಯೇ ಇಲ್ಲ ಎಂಬ ಮಾತನ್ನು ಒಪ್ಪಲಾಗದು. ತುಂಬಿದ ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಕೈಗೆ ಬಂತು ಅಂದುಕೊಳ್ಳಿ. ಬೆರಳು ಸುಡುತ್ತಿದೆ, ರಿಫ್ಲೆಕ್ಸ್ ಪ್ರಕಾರ ಕೈ ಬಿಡಬೇಕು. ನೀವು ಬಿಡುವುದಿಲ್ಲ. ಅಂಚಿಗೆ ಬೆರಳು ಬದಲಿಸುತ್ತೀರಿ, ಹಲ್ಲು ಕಚ್ಚಿ ನಾಲ್ಕು ಹೆಜ್ಜೆ ನಡೆದು ಮೇಜಿನ ಮೇಲೆ ಕುಕ್ಕುತ್ತೀರಿ. ಮೆದುಳಿನ ಕಾಂಡದಿಂದ ಕೆಳಗಿಳಿಯುವ ನರಗಳು ಬೆನ್ನುಹುರಿಯ ಆ ನಡುವಣ ಕೋಶಗಳನ್ನು ಮೊದಲೇ ಅದುಮಿ ಹಿಡಿಯಬಲ್ಲವು. ಸುಡುತ್ತದೆಂದು ಗೊತ್ತಿದ್ದು ಹಿಡಿದಾಗ ಮಾತ್ರ ಇದು ನಡೆಯುತ್ತದೆ. ಗೊತ್ತಿಲ್ಲದೆ ಹಿಡಿದ ಲೋಟ ಕೆಳಗೆ ಬೀಳುತ್ತದೆ. ಯಾವ ರಿಫ್ಲೆಕ್ಸ್ ಎಷ್ಟು ಜೋರಾಗಿರಬೇಕು ಎಂಬ ತಿರುಪು ಸದಾ ಮೆದುಳಿನ ಕೈಯಲ್ಲೇ ಇರುತ್ತದೆ. ಲಕ್ವ ಹೊಡೆದಾಗ ಈ ತಿರುಪು ತಪ್ಪುತ್ತದೆ. ಮೊದಲ ಕೆಲವು ದಿನ ಕೈಕಾಲು ಜೋಲುಬಿದ್ದರೂ, ಆಮೇಲೆ ಆ ಬದಿಯ ರಿಫ್ಲೆಕ್ಸ್‌ಗಳು ಕಡಿಮೆಯಾಗುವ ಬದಲು ಹೆಚ್ಚಾಗುತ್ತವೆ, ಸ್ನಾಯು ಬಿಗಿಯುತ್ತದೆ. ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನ ಕಡೆಗೆ ಗೀರಿದರೆ ಹೆಬ್ಬೆರಳು ಕೆಳಗೆ ಮಡಿಯುವ ಬದಲು ಮೇಲಕ್ಕೆ ಏಳುತ್ತದೆ. 1896ರಲ್ಲಿ ಫ್ರಾನ್ಸಿನ ನರವೈದ್ಯ ಬಾಬಿನ್ಸ್ಕಿ ವಿವರಿಸಿದ ಈ ಲಕ್ಷಣವನ್ನು ನರವೈದ್ಯರು ಇಂದಿಗೂ ಕೀಲಿಕೈ ತುದಿಯಿಂದ ನೋಡುತ್ತಾರೆ. ಹಸುಗೂಸುಗಳಲ್ಲಿ ಹೆಬ್ಬೆರಳು ಮೇಲೇಳುವುದು ಸಹಜ, ಮೆದುಳಿನಿಂದ ಇಳಿಯುವ ನರಗಳ ಹೊದಿಕೆ ಅವರಲ್ಲಿ ಇನ್ನೂ ಪೂರ್ತಿಯಾಗಿರುವುದಿಲ್ಲ.

ಹಾಗಾದರೆ ಸಮಯ ಹೆಚ್ಚು ಖರ್ಚಾಗುವುದು ಎಲ್ಲಿ? ನರದ ಉದ್ದದಲ್ಲಿ ಎಂದು ಸಾಮಾನ್ಯವಾಗಿ ಎಲ್ಲರೂ ಅಂದುಕೊಳ್ಳುತ್ತಾರೆ. 1850ಕ್ಕೆ ಮುಂಚೆ ನರದ ವೇಗವನ್ನು ಅಳೆಯುವುದೇ ಅಸಾಧ್ಯ, ಅದು ಅಷ್ಟು ಜೋರು ಎಂಬ ನಂಬಿಕೆ ಇತ್ತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಆ ವರ್ಷ ಕಪ್ಪೆಯ ನರದಲ್ಲಿ ಅಳೆದು ಸೆಕೆಂಡಿಗೆ ಸುಮಾರು 27 ಮೀಟರ್ ಎಂದು ತೋರಿಸಿದರು. ಅಂದರೆ ಗಂಟೆಗೆ ನೂರು ಕಿಲೋಮೀಟರಿಗೆ ತುಸು ಕಡಿಮೆ, ಹೆದ್ದಾರಿಯ ಕಾರಿನಷ್ಟು. ಆದರೆ ಮನುಷ್ಯನ ಉದ್ದ ಒಂದೂವರೆ ಎರಡು ಮೀಟರ್ ಅಷ್ಟೇ, ಸ್ಪರ್ಶದ ನರಕ್ಕೂ ಚಾಲಕ ನರಕ್ಕೂ ಈ ವೇಗ ಧಾರಾಳ ಸಾಕು. ಹೊತ್ತು ಹೋಗುವುದು ಬೇರೆ ಕಡೆ. ಮನೆಯಲ್ಲೇ ಮೂರು ಪರೀಕ್ಷೆ ಮಾಡಿ ನೋಡಿ, ಮಗನನ್ನೂ ಕೂರಿಸಿಕೊಳ್ಳಿ.

ಮೊದಲನೆಯದು ಮೊಣಕಾಲಿನದು. ಎತ್ತರದ ಮೇಜಿನ ಮೇಲೆ ಕಾಲು ಜೋಲುಬಿಟ್ಟು ಕೂರಿಸಿ, ಚಿಪ್ಪಿನ ಕೆಳಗೆ ಬೆರಳಿಗೆ ಮೆತ್ತಗೆ ಸಿಗುವ ಪಟ್ಟಿಯ ಮೇಲೆ ಅಂಗೈ ಅಂಚಿನಿಂದ ಒಮ್ಮೆ ಸಣ್ಣಗೆ ಹೊಡೆಯಿರಿ. ಪಟ್ಟಿ ಜಗ್ಗಿದ್ದಕ್ಕೆ ತೊಡೆಯ ಸ್ನಾಯು ಹಿಗ್ಗುತ್ತದೆ, ಅದನ್ನು ಗ್ರಹಿಸಿದ ನರ ಬೆನ್ನುಹುರಿಯಲ್ಲಿ ನೇರವಾಗಿ ಚಾಲಕ ನರಕೋಶವನ್ನೇ ಮುಟ್ಟುತ್ತದೆ. ನಡುವೆ ಇರುವುದು ಒಂದೇ ಸೈನಾಪ್ಸ್. ಹೊಡೆದ ಸುಮಾರು 20 ಮಿಲಿಸೆಕೆಂಡಿಗೆ ಸ್ನಾಯುವಿನಲ್ಲಿ ವಿದ್ಯುತ್ತು ಕಾಣಿಸುತ್ತದೆ. ಕಾಲು ಹಾರದಿದ್ದರೆ ಗಾಬರಿ ಬೇಡ, ಬಹುಪಾಲು ಹೊಡೆತ ಚಿಪ್ಪಿನ ಮೇಲೆ ಬಿದ್ದಿರುತ್ತದೆ, ಅಥವಾ ಕೂತವರು ಕಾಲು ಬಿಗಿ ಹಿಡಿದಿರುತ್ತಾರೆ. ಎರಡೂ ಕೈಬೆರಳುಗಳನ್ನು ಕೊಂಡಿಯಂತೆ ಸಿಕ್ಕಿಸಿ ಬಲವಾಗಿ ಎಳೆಯುತ್ತಿರಲು ಹೇಳಿ, ಆಗ ಹೊಡೆಯಿರಿ. ಕೆಲವರಲ್ಲಿ ಎರಡೂ ಕಾಲು ಮಂದವಾಗಿರುವುದು ಸಹಜ. ಒಂದು ಬದಿ ಹಾರಿ ಇನ್ನೊಂದು ಬದಿ ಹಾರದಿದ್ದರೆ ಮಾತ್ರ ವೈದ್ಯರಿಗೆ ಹೇಳಬೇಕಾದ ವಿಷಯ.

ಎರಡನೆಯದಕ್ಕೆ ಮೊಬೈಲಿನಲ್ಲಿ ಈ ಬರಹವನ್ನೇ ಇಟ್ಟುಕೊಳ್ಳಿ. ತಲೆ ಅಲುಗಾಡಿಸದೆ ಮೊಬೈಲನ್ನು ಸೆಕೆಂಡಿಗೆ ಎರಡು ಮೂರು ಸಲ ಎಡಬಲಕ್ಕೆ ಆಡಿಸಿ: ಅಕ್ಷರ ಕಲಸಿಹೋಗುತ್ತದೆ. ಈಗ ಮೊಬೈಲನ್ನು ನಿಲ್ಲಿಸಿ, ಅದೇ ವೇಗದಲ್ಲಿ ತಲೆಯನ್ನು 'ಬೇಡ ಬೇಡ' ಎನ್ನುವ ಹಾಗೆ ಆಡಿಸಿ: ಓದಲಾಗುತ್ತದೆ. ಕಣ್ಣು ಮತ್ತು ಅಕ್ಷರದ ನಡುವಿನ ಚಲನೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ತಲೆ ತಿರುಗಿದ್ದನ್ನು ಒಳಕಿವಿಯ ಅರ್ಧವರ್ತುಲ ನಾಳಗಳು ಗ್ರಹಿಸಿ, ಮೂರೇ ನರಕೋಶಗಳ ದಾರಿಯಲ್ಲಿ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣುಗುಡ್ಡೆಯನ್ನು ಎದುರು ದಿಕ್ಕಿಗೆ ತಿರುಗಿಸುತ್ತವೆ. ಮೊಬೈಲ್ ಆಡಿದಾಗ ಕಣ್ಣು ನೋಡಿಕೊಂಡೇ ಹಿಂಬಾಲಿಸಬೇಕು, ಅದಕ್ಕೆ ಸುಮಾರು 100 ಮಿಲಿಸೆಕೆಂಡು ಬೇಕು. ಮೈಯಲ್ಲಿರುವ ಅತಿ ಚುರುಕಿನ ರಿಫ್ಲೆಕ್ಸ್‌ಗಳಲ್ಲಿ ಒಳಕಿವಿಯ ಈ ರಿಫ್ಲೆಕ್ಸ್ ಒಂದು, ಬಸ್ಸಿನಲ್ಲಿ ಕೂತು ಪೇಪರ್ ಓದಲಾಗುವುದು ಇದರ ಪುಣ್ಯದಿಂದ.

ಮೂರನೆಯದು ಯೋಚಿಸಿ ಮಾಡುವ ಪ್ರತಿಕ್ರಿಯೆ. 30 ಸೆಂಟಿಮೀಟರಿನ ಸ್ಕೇಲನ್ನು ನೀವು ಮೇಲ್ತುದಿಯಲ್ಲಿ ಹಿಡಿಯಿರಿ. ಮಗ ಮುಂಗೈಯನ್ನು ಮೇಜಿನ ಮೇಲಿಟ್ಟು, ಬೆರಳುಗಳನ್ನು ಅಂಚಿನಾಚೆ ಚಾಚಿ, ಹೆಬ್ಬೆರಳು ತೋರುಬೆರಳನ್ನು ಸೊನ್ನೆಯ ಗೆರೆಗೆ ಸರಿಯಾಗಿ, ಸ್ಕೇಲಿಗೆ ತಾಗದಂತೆ ಒಂದು ಇಂಚು ಅಗಲಿಸಿ ಇಡಲಿ. ಸುಳಿವು ಕೊಡದೆ ಬಿಟ್ಟುಬಿಡಿ. ಹಿಡಿದ ಜಾಗ 15 ಸೆಂಟಿಮೀಟರ್ ಆದರೆ 175 ಮಿಲಿಸೆಕೆಂಡು, 20 ಆದರೆ 202, 25 ಆದರೆ 226, 30 ಆದರೆ 247. ಮೊದಲ ಐದು ಲೆಕ್ಕಕ್ಕೆ ಬೇಡ, ಮುಂದಿನ ಹತ್ತರ ನಡುವಿನ ಅಂಕಿ ತೆಗೆದುಕೊಳ್ಳಿ. 10 ಸೆಂಟಿಮೀಟರಿಗಿಂತ ಕೆಳಗೆ ಹಿಡಿದದ್ದು ಸಾಮಾನ್ಯವಾಗಿ ಊಹೆ, ನಿಮ್ಮ ಬೆರಳು ಸಡಿಲಾಗುವುದನ್ನು ಕಂಡು ಮೊದಲೇ ಹೊರಟಿರುತ್ತಾನೆ. ಬಿಡುವ ಮೊದಲು ಕಾಯುವ ಹೊತ್ತನ್ನು ಪ್ರತಿ ಸಲ ಬದಲಿಸಿ. ಬಹುತೇಕರಿಗೆ 200 ಮಿಲಿಸೆಕೆಂಡಿನ ಸುತ್ತಮುತ್ತ ಬರುತ್ತದೆ.

ಈ 200 ಎಲ್ಲಿ ಹೋಯಿತು ಎಂದು ಕೂಡಿಸಿ ನೋಡಿ. ಅಕ್ಷಿಪಟಲದಲ್ಲಿ ಬೆಳಕು ರಾಸಾಯನಿಕ ಹಂತಗಳನ್ನು ದಾಟಿ ಮಿಡಿತವಾಗಿ, ತಲೆಯ ಹಿಂಭಾಗದ ದೃಷ್ಟಿ ತೊಗಟೆ ತಲುಪಲು 60 ಮಿಲಿಸೆಕೆಂಡಿನ ಆಸುಪಾಸು. ಮೆದುಳಿನ ಚಾಲಕ ತೊಗಟೆಯಿಂದ ಬೆರಳಿನ ಸ್ನಾಯುವಿಗೆ ಸುಮಾರು 20, ಸ್ನಾಯು ಎಳೆಯಲು 30-40. ಉಳಿದ 80ರಷ್ಟು ಪೂರ್ತಿ 'ಬಿತ್ತು, ಹಿಡಿ' ಎಂಬ ತೀರ್ಮಾನದ್ದು. ಅದೂ ಮಾಡಬೇಕಾದದ್ದು ಒಂದೇ ಕೆಲಸ ಎಂದು ಮೊದಲೇ ಗೊತ್ತಿದ್ದಾಗ. ಎರಡು ಕೈಗೆ ಎರಡು ಸ್ಕೇಲ್ ಕೊಟ್ಟು ಯಾವುದಾದರೂ ಒಂದನ್ನು ಬಿಟ್ಟರೆ, ಬಿದ್ದದ್ದನ್ನು ಮಾತ್ರ ಹಿಡಿಯಬೇಕೆಂದರೆ, 30 ಸೆಂಟಿಮೀಟರ್ ಸಾಲದೆ ಜಾರಿಹೋಗುವುದೇ ಹೆಚ್ಚು. ಆಯ್ಕೆ ಸೇರಿದಷ್ಟೂ ಹೊತ್ತು ಏರುತ್ತದೆ ಎಂಬುದನ್ನು ಹಾಲೆಂಡಿನ ದೊಂಡರ್ಸ್ 1868ರಲ್ಲೇ ಅಳೆದು ತೋರಿಸಿದ್ದರು. ಶಬ್ದಕ್ಕೆ ಪ್ರತಿಕ್ರಿಯೆ ಕಣ್ಣಿಗಿಂತ ಬೇಗ, ಕಿವಿಯಲ್ಲಿ ರಾಸಾಯನಿಕ ಹಂತಗಳು ಕಡಿಮೆ. ಓಟದ ಸ್ಪರ್ಧೆಯಲ್ಲಿ ಗುಂಡಿನ ಸದ್ದಾಗಿ 0.100 ಸೆಕೆಂಡಿಗಿಂತ ಮೊದಲು ಕಾಲು ಒತ್ತಿದರೆ ಅದನ್ನು ತಪ್ಪು ಆರಂಭ ಎಂದು ಎಣಿಸುತ್ತಾರೆ. ಕೇಳಿಸಿಕೊಂಡು ಹೊರಡಲು ಅಷ್ಟಾದರೂ ಬೇಕು ಎಂಬ ಲೆಕ್ಕ.

ಮಗನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ನರದ ವೇಗ ಅಭ್ಯಾಸದಿಂದ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಅದು ಹೊದಿಕೆ, ದಪ್ಪ ಮತ್ತು ಮೈಬಿಸಿಗೆ ಕಟ್ಟುಬಿದ್ದದ್ದು. ಚಳಿಗೆ ಮಾತ್ರ ಕಡಿಮೆಯಾಗುತ್ತದೆ: ಕೈ ಒಂದು ಡಿಗ್ರಿ ತಣ್ಣಗಾದರೆ ಸೆಕೆಂಡಿಗೆ ಒಂದೂವರೆ ಎರಡು ಮೀಟರ್ ಇಳಿಯುತ್ತದೆ, ಡಿಸೆಂಬರ್ ಬೆಳಿಗ್ಗೆ ಆಡುವವರು ಕೈ ಬೆಚ್ಚಗೆ ಮಾಡಿಕೊಳ್ಳುವುದು ಸರಿಯಾದ ಕೆಲಸ. ಅಭ್ಯಾಸ ಕತ್ತರಿ ಹಾಕುವುದು ತೀರ್ಮಾನದ ಪಾಲಿಗೆ. ಗಂಟೆಗೆ 140 ಕಿಲೋಮೀಟರ್ ಚೆಂಡು ಎಂದರೆ ಸೆಕೆಂಡಿಗೆ ಸುಮಾರು 39 ಮೀಟರ್. ಎರಡು ಕ್ರೀಸ್‌ಗಳ ನಡುವಿನ 17.7 ಮೀಟರಿಗೆ, ಪುಟಿದಾಗ ಕಳೆಯುವ ವೇಗ ಸೇರಿಸಿದರೂ, ಅರ್ಧ ಸೆಕೆಂಡಿನ ಒಳಗೇ ಮುಗಿಯುತ್ತದೆ. ಅದರಲ್ಲಿ ಕಣ್ಣು, ನರ, ಸ್ನಾಯುವಿಗೆ 200 ಮಿಲಿಸೆಕೆಂಡು ಹೋಯಿತು, ಬ್ಯಾಟ್ ಬೀಸಲು ಇನ್ನೊಂದಿಷ್ಟು ಬೇಕು. ನೋಡಿಕೊಂಡು ಆಡುವ ಮಾತೇ ಇಲ್ಲ. ಒಳ್ಳೆಯ ಬ್ಯಾಟ್ಸ್‌ಮನ್ ಬೌಲರಿನ ಮಣಿಕಟ್ಟು, ಕೈ ಬಿಡುವ ಕೋನ ನೋಡಿ ಎಲ್ಲಿ ಬೀಳುತ್ತದೆಂದು ಊಹಿಸುತ್ತಾನೆ. ಬ್ಯಾಟ್ಸ್‌ಮನ್‌ಗಳ ಕಣ್ಣಿನ ಚಲನೆ ಅಳೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರ ಕಣ್ಣು ಚೆಂಡಿಗಿಂತ ಮೊದಲೇ ಅದು ಪುಟಿಯುವ ಜಾಗಕ್ಕೆ ಹಾರಿ ಕಾಯುವುದು ಕಂಡಿತು. ಚೆನ್ನಾಗಿ ಆಡುವವರ ಕಣ್ಣು ಇನ್ನೂ ಬೇಗ ಹಾರುತ್ತಿತ್ತು. ಟೆಸ್ಟ್‌ನಲ್ಲಿ 210 ಕ್ಯಾಚ್ ಹಿಡಿದ ರಾಹುಲ್ ದ್ರಾವಿಡ್ ಸ್ಲಿಪ್‌ನಲ್ಲಿ ನಿಂತಾಗಲೂ ನರಗಳು ಸಾಗುತ್ತಿದ್ದುದು ಎಲ್ಲರ ನರಗಳ ವೇಗದಲ್ಲೇ. ಆದ್ದರಿಂದ ದೀಪ ಮಿನುಗಿದಾಗ ಗುಂಡಿ ಒತ್ತುವ 'ರಿಯಾಕ್ಷನ್' ಯಂತ್ರಗಳಿಗೆ ದುಡ್ಡು ಸುರಿಯುವ ಬದಲು, ಬೇರೆ ಬೇರೆ ಬೌಲರುಗಳನ್ನು ಎದುರಿಸಲಿ, ನಿದ್ದೆ ಕೆಡಿಸಿಕೊಳ್ಳದಿರಲಿ. ಇದೇ ಲೆಕ್ಕ ನಿಮ್ಮ ಸ್ಕೂಟರಿಗೂ ಇದೆ: ನಿರೀಕ್ಷಿಸದ ಅಡ್ಡಿಗೆ ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡಾದರೂ ಹಿಡಿಯುತ್ತದೆ ಎಂದುಕೊಂಡರೆ, 60ರ ವೇಗದಲ್ಲಿ ಬ್ರೇಕ್ ಮುಟ್ಟುವ ಮೊದಲೇ ಗಾಡಿ 25 ಮೀಟರ್ ಮುಂದೆ ಹೋಗಿರುತ್ತದೆ.

ಇನ್ನು ತಂದೆಯವರ ಕಾಲು. ಎಳೆದುಕೊಳ್ಳುವ ಸ್ನಾಯು ಚೆನ್ನಾಗಿದೆ, ಬೆನ್ನುಹುರಿ ಚೆನ್ನಾಗಿದೆ, ಅವರು ನಡೆಯುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ಕೆಟ್ಟಿರುವುದು ಒಳಬರುವ ಸುದ್ದಿ. ಪಾದದ ಚರ್ಮದ ನರವೆಂದರೆ ಬೆನ್ನಿನ ಹತ್ತಿರ ಇರುವ ಒಂದು ಕೋಶದಿಂದ ಬೆರಳ ತುದಿಯವರೆಗೆ ಸುಮಾರು ಒಂದು ಮೀಟರ್ ಚಾಚಿದ ಒಂದೇ ಎಳೆ. ತುದಿಗೆ ಬೇಕಾದ ಪ್ರೋಟೀನೆಲ್ಲ ಮೇಲಿನ ಕೋಶದಿಂದಲೇ ಸಾಗಿಬರಬೇಕು. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಈ ಸಾಗಾಟವೂ, ನರಕ್ಕೆ ರಕ್ತ ಕೊಡುವ ಸೂಕ್ಷ್ಮನಾಳಗಳೂ ಕೆಡುತ್ತವೆ. ಅತಿ ಉದ್ದದ ಎಳೆಗೆ ಮೊದಲ ಪೆಟ್ಟು. ಅದಕ್ಕೇ ಜೋಮು ಎರಡೂ ಪಾದದ ಬೆರಳಿನಲ್ಲಿ ಶುರುವಾಗಿ, ಕಾಲುಚೀಲ ಹಾಕಿದಷ್ಟು ಜಾಗಕ್ಕೆ ಹರಡುತ್ತದೆ. ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಕಾಣಿಸಿಕೊಳ್ಳುತ್ತದೆ. ಒಂದೇ ಕಾಲಿನಲ್ಲಿ, ಸೊಂಟದಿಂದ ಇಳಿದುಬರುವ ಜೋಮಾದರೆ ಡಿಸ್ಕ್ ತೊಂದರೆಯನ್ನು ಯೋಚಿಸಬೇಕು. ಚರ್ಮದ ಮೇಲೆ ಮಚ್ಚೆ ಇದ್ದು ಆ ಮಚ್ಚೆಯಲ್ಲಿ ಮಾತ್ರ ಸ್ಪರ್ಶ ಇಲ್ಲದಿದ್ದರೆ ಕುಷ್ಠವನ್ನು ಮರೆಯಬಾರದು, ಅದರ ಔಷಧಿ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ರಾತ್ರಿ ಕಾಲು ಉರಿಯುತ್ತದೆ, ಅಂದಮೇಲೆ ನರ ಸರಿ ಇದೆ ಎಂದು ಹಲವರು ತಿಳಿಯುತ್ತಾರೆ. ಹಾಗಲ್ಲ. ಪೆಟ್ಟು ತಿಂದ ಸಿ ತಂತುಗಳು ಯಾವ ಪ್ರಚೋದನೆಯೂ ಇಲ್ಲದೆ ತಮ್ಮಷ್ಟಕ್ಕೆ ಮಿಡಿಯುವುದರಿಂದ ಆಗುವ ಉರಿ ಅದು. ಇಲ್ಲದ ಬೆಂಕಿಗೆ ಉರಿಯುವ ಪಾದ ನಿಜವಾದ ಬಿಸಿನೀರನ್ನು ಗುರುತಿಸದೇ ಇರಬಹುದು.

ಸುದ್ದಿಯ ಸರಪಳಿಯ ಬೇರೆ ಕೊಂಡಿಗಳು ಕಳಚಿದರೆ ಕಾಣುವ ಚಿತ್ರವೇ ಬೇರೆ, ಚುಟುಕಾಗಿ ಹೇಳುತ್ತೇನೆ, ಇವೆಲ್ಲ ತುರ್ತು. ಪಾದದಿಂದ ಶುರುವಾಗಿ ದಿನದಿಂದ ದಿನಕ್ಕೆ ಮೇಲೇರುವ ನಿಶ್ಶಕ್ತಿ, ರಿಫ್ಲೆಕ್ಸ್ ಇಲ್ಲದಿರುವುದು: ನರದ ಹೊದಿಕೆಗೇ ಪೆಟ್ಟು, ಗಿಯಾನ್-ಬಾರೆ ಎಂಬ ಕಾಯಿಲೆ, ಉಸಿರಾಟ ನಿಲ್ಲಬಹುದು. ಹಾವು ಕಚ್ಚಿದ ಮೇಲೆ ಕಣ್ಣುರೆಪ್ಪೆ ಜೋಲುಬೀಳುವುದು: ನರ ಸ್ನಾಯು ಸೇರುವಲ್ಲಿ ಅಡ್ಡಿ. ನಾಗರಹಾವಿನ ವಿಷ ಅಸಿಟೈಲ್‌ಕೋಲಿನ್ ಕೂರುವ ಜಾಗವನ್ನು ಹಿಡಿಯುತ್ತದೆ, ಕಟ್ಟುಹಾವಿನದು ಅದು ಹೊರಡುವ ನರದ ತುದಿಯನ್ನೇ ಹಾಳುಮಾಡುತ್ತದೆ. ಹೊಲಕ್ಕೆ ಔಷಧಿ ಹೊಡೆದವರಿಗೆ ಕಣ್ಣುಪಾಪೆ ಸೂಜಿಮೊನೆಯಷ್ಟಾಗಿ, ಜೊಲ್ಲು, ಬೆವರು ಸುರಿದು ಸ್ನಾಯು ಅದುರಿದರೆ: ಆರ್ಗನೊಫಾಸ್ಫೇಟ್ ವಿಷ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ಕಟ್ಟಿಹಾಕಿದೆ. ಬಟ್ಟೆ ಬಿಚ್ಚಿ, ಮೈಗೆ ಸೋಪು ನೀರು ಹಾಕಿ ತೊಳೆದು, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಓಡಬೇಕು.

ತಂದೆಯವರಿಗೆ ವೈದ್ಯರ ಹತ್ತಿರ ನಾಲ್ಕು ಪರೀಕ್ಷೆ ಕೇಳಿ ಮಾಡಿಸಿ. 10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅಂಗಾಲಿಗೆ ಬಾಗುವವರೆಗೆ ಒತ್ತಿ ನೋಡುತ್ತಾರೆ, ಅದೂ ಗೊತ್ತಾಗದಿದ್ದರೆ ಹುಣ್ಣಾಗುವ ಅಪಾಯ ಹೆಚ್ಚು. ಹೆಬ್ಬೆರಳ ಗಂಟಿನ ಮೇಲೆ 128 ಹರ್ಟ್ಸ್ ಶ್ರುತಿಕವಲು (ಟ್ಯೂನಿಂಗ್ ಫೋರ್ಕ್) ಇಟ್ಟು ನಡುಕ ತಿಳಿಯುತ್ತದೆಯೇ ಎಂದು ಕೇಳುತ್ತಾರೆ. ಹಿಮ್ಮಡಿಯ ರಿಫ್ಲೆಕ್ಸ್ ನೋಡುತ್ತಾರೆ, ಮೊಣಕಾಲಿನದಕ್ಕಿಂತ ಮೊದಲು ಹೋಗುವುದು ಅದು. ಪಾದದ ನಾಡಿ ಹಿಡಿದು ರಕ್ತಸಂಚಾರ ನೋಡುತ್ತಾರೆ. ಬಹಳ ಕಾಲದಿಂದ ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರೆ, ಅದರಲ್ಲೂ ಸಸ್ಯಾಹಾರಿಗಳಾಗಿದ್ದರೆ, ಬಿ12 ಕೂಡ ಪರೀಕ್ಷಿಸಲಿ. ಆ ಮಾತ್ರೆ ಬಿ12 ಹೀರಿಕೆಯನ್ನು ತಗ್ಗಿಸುತ್ತದೆ. ಬಿ12 ಕೊರತೆಯೂ ಪಾದದ ಜೋಮು ತರುತ್ತದೆ, ಅದನ್ನು ಸಕ್ಕರೆಯ ಲೆಕ್ಕಕ್ಕೆ ಬರೆದು ಸುಮ್ಮನಾದರೆ ಗುಣವಾಗಬಹುದಾದದ್ದು ಉಳಿದುಬಿಡುತ್ತದೆ.

ಬಿಸಿನೀರಿನ ಲೆಕ್ಕ ಇಷ್ಟು: 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನು 5 ಸೆಕೆಂಡಿನಲ್ಲಿ ಆಳವಾಗಿ ಸುಡಬಲ್ಲದು, 50 ಡಿಗ್ರಿಯದಕ್ಕೆ ಸುಮಾರು 5 ನಿಮಿಷ ಸಾಕು. ಗೀಸರಿನಿಂದ ನೇರ ಬರುವ ನೀರು ಹೆಚ್ಚಾಗಿ ಈ ಎರಡರ ನಡುವೆ ಇರುತ್ತದೆ. ಸರಿಯಾದ ನರ ಇದ್ದವರು ಒಂದೆರಡು ಸೆಕೆಂಡಿನಲ್ಲಿ ಕಾಲು ತೆಗೆಯುತ್ತಾರೆ, ತಂದೆಯವರು ಹತ್ತು ನಿಮಿಷ ಕೂರುತ್ತಾರೆ. ಇನ್ನು ಮುಂದೆ ಬಕೆಟ್ಟಿನಲ್ಲಿ ಕಾಲಿಟ್ಟು ಕೂರುವುದೇ ಬೇಡ, ಬಿಸಿನೀರಿನ ಚೀಲವೂ ಬೇಡ. ಸ್ನಾನದ ನೀರಿಗೆ ಮೊದಲು ತಣ್ಣೀರು, ಆಮೇಲೆ ಬಿಸಿ. ಕೈ ಅದ್ದಿ ನೋಡುವವರು ನೀವಾಗಿರಬೇಕು, ಇಲ್ಲವೇ 37-38 ಡಿಗ್ರಿ ತೋರಿಸುವ ನೀರಿನ ಥರ್ಮಾಮೀಟರ್ ಇಡಿ. ದಿನಾ ರಾತ್ರಿ ಅಂಗಾಲು, ಬೆರಳ ಸಂದುಗಳನ್ನು ಕನ್ನಡಿ ಹಿಡಿದೋ ನಿಮ್ಮ ಕಣ್ಣಿಂದಲೋ ನೋಡಬೇಕು. ಹೊರಗೆ ಹೊರಡುವಾಗ ಚಪ್ಪಲಿ, ಬೂಟಿನೊಳಗೆ ಕೈ ಹಾಕಿ ಕಲ್ಲು, ಮೊಳೆ ಇದೆಯೇ ಎಂದು ತಡವಿ ನೋಡಿಯೇ ಕೊಡಿ.